ಚರ್ಮದ ಚೆಂಡು, ಬರಿಗಾಲು

ನಮ್ಮ ಟೀಮಿಗೆ ಹೆಸರಿರಲಿಲ್ಲ. ಬಿಳೇಕಹಳ್ಳಿಯ ನಮ್ಮ ಕೇರಿಯ ಹನ್ನೊಂದು ಜನ ಹುಡುಗರು; ಯಾರಾದರೂ ಗಾರೆ ಕೆಲಸಕ್ಕೋ ಮದುವೆ ಊಟ ಬಡಿಸುವುದಕ್ಕೋ ಹೋದ ದಿನ ಒಂಬತ್ತು ಜನ. ತಲಾ ಇಪ್ಪತ್ತು ರೂಪಾಯಿ ಹಾಕಿ ಕೊಂಡ ಒಂದು ಚೆಂಡು. ಯಾರದೋ ಖಾಲಿ ಸೈಟು. ಕಾಲಲ್ಲಿದ್ದ ಹವಾಯಿ ಚಪ್ಪಲಿಗಳನ್ನು ಬಿಟ್ಟು, ಜೋಡಿ ಮಾಡಿ ಇಟ್ಟು, ಅದನ್ನೇ ಗೋಲುಕಂಬ ಅಂದುಕೊಂಡು ಬರಿಗಾಲಲ್ಲಿ ಆಡುತ್ತಿದ್ದೆವು. ಸೈಟಿನವನು ಬಂದು ಪಾಯ ತೋಡಿಸಿದರೆ ಇನ್ನೊಂದು ಸೈಟು. ಹೀಗೆ ಐದಾರು ವರ್ಷದಲ್ಲಿ ಏಳು ಸೈಟು ಬದಲಾಯಿಸಿದೆವು.

ಒಂದು ಸಲ ರಸ್ತೆಯಾಚೆ ಯಾರೋ ಟೂರ್ನಮೆಂಟು ಇಟ್ಟರು. ಎಂಟ್ರಿ ಫೀಸು ಹೊಂದಿಸಿಕೊಂಡು ಹೋದೆವು. ಬೋರ್ಡಿನ ಮೇಲೆ ಟೀಮುಗಳ ಹೆಸರು ಸುಣ್ಣದ ಕಡ್ಡಿಯಲ್ಲಿ ಬರೆದಿದ್ದರು. ಎಲ್ಲಾ ಹುಲಿ, ಸಿಂಹ, ಫ್ರೆಂಡ್ಸು, ಯೂತು. ನಮ್ಮ ಜಾಗದಲ್ಲಿ 'ಎ.ಕೆ. ಕಾಲೋನಿ' ಅಂತಿತ್ತು. ನಾವು ಹಾಗಂತ ಹೇಳಿರಲಿಲ್ಲ. ಹೆಸರೇನು ಅಂತ ಕೇಳಿದ್ದಕ್ಕೆ 'ಬಿಳೇಕಹಳ್ಳಿ' ಅಂದಿದ್ದೆವು. ಬರೆದವನು ನಮ್ಮ ಮುಖ ನೋಡಿದ, ಕಾಲು ನೋಡಿದ, ಬರೆದ. ಅವತ್ತು ಮೊದಲ ಮ್ಯಾಚಿನಲ್ಲೇ ಸೋತೆವು. ಅದರಲ್ಲಿ ಯಾರದೂ ಮೋಸವಿಲ್ಲ, ನಾವೇ ಕೆಟ್ಟದಾಗಿ ಆಡಿದೆವು. ಸೋತದ್ದು ಮರೆತುಹೋಯಿತು, ಬೋರ್ಡು ಮರೆಯಲಿಲ್ಲ.

ಆಮೇಲೆ ನಮ್ಮಲ್ಲಿ ಇಬ್ಬರು ಮೂವರು ಬಿ.ಎ. ಮುಗಿಸಿದೆವು. ನಮ್ಮ ನಮ್ಮ ಮನೆಗಳಲ್ಲಿ ಡಿಗ್ರಿ ಕಾಗದ ಕಂಡವರಲ್ಲಿ ನಾವೇ ಮೊದಲು. ಚರಿತ್ರೆ ಓದಿದೆವು. ಕೆಂಪೇಗೌಡರ ನಾಲ್ಕು ಗೋಪುರ, ಟಿಪ್ಪುವಿನ ಅರಮನೆ, ಲಾಲ್‌ಬಾಗಿನ ಗಾಜಿನ ಮನೆ ಎಲ್ಲಾ ಓದಿದೆವು. ಈ ಊರಲ್ಲಿ ಬಡವರು ಏನಾಡಿದರು, ಯಾವ ಬಯಲಲ್ಲಿ ಆಡಿದರು, ಗೆದ್ದರೋ ಸೋತರೋ ಅನ್ನುವುದು ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಬರದಿದ್ದದ್ದನ್ನು ನಾವೇ ಹುಡುಕಬೇಕಾಯಿತು. ಹುಡುಕಿದ್ದರಲ್ಲಿ ಕೈಗೆ ಹತ್ತಿದ್ದಷ್ಟನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ. ಹಳ್ಳಿ ಶಾಲೆಯ ಮೇಷ್ಟ್ರುಗಳು ದಯವಿಟ್ಟು ಹುಡುಗರಿಗೆ ಹೇಳಲಿ.

ಫುಟ್‌ಬಾಲು ನಮ್ಮೂರಿಗೆ ಬಂದದ್ದು ಪಲ್ಟನ್ನಿನ ಜೊತೆ. 1809ರಲ್ಲಿ ಇಂಗ್ಲಿಷರು ಹಲಸೂರಿನ ಪಕ್ಕ ದಂಡು ಹೂಡಿದರು. ಅದೇ ಕಂಟೋನ್ಮೆಂಟು. ಮಹಾರಾಜರ ಬೆಂಗಳೂರು ಒಂದು, ದಂಡಿನ ಬೆಂಗಳೂರು ಇನ್ನೊಂದು. ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದ್ದು 1949ರಲ್ಲಿ. ಅಲ್ಲಿಯವರೆಗೆ ನೂರನಲವತ್ತು ವರ್ಷ ಎರಡು ಊರು ಒಂದರ ಪಕ್ಕ ಒಂದು ಬೆನ್ನು ಮಾಡಿಕೊಂಡು ಕೂತಿದ್ದವು. ದಂಡಿಗೆ ಕುದುರೆ ತೊಳೆಯುವವರು ಬೇಕು, ಬಟ್ಟೆ ಒಗೆಯುವವರು ಬೇಕು, ಅಡಿಗೆಗೆ, ಹೆಣ ಹೊರುವುದಕ್ಕೆ, ಕಕ್ಕಸು ಬಳಿಯುವುದಕ್ಕೆ ಜನ ಬೇಕು. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ತಮಿಳು ಮಾತಾಡುವ ಅಸ್ಪೃಶ್ಯರು ಗಂಟುಮೂಟೆ ಕಟ್ಟಿಕೊಂಡು ಬಂದರು. ಜಮೀನ್ದಾರನ ಜೀತಕ್ಕಿಂತ ದೊರೆಯ ಸಂಬಳ ವಾಸಿ ಅಂತ ಬಂದರು. ಕೆಲವರು ಸಿಪಾಯಿಗಳೇ ಆದರು. 1834ರಿಂದ ಬೆಂಗಳೂರಲ್ಲೇ ನೆಲೆ ನಿಂತ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ, ಊರೊಳಗೆ ಕಾಲಿಡಲು ಬಿಡದ ಜಾತಿಯವರು ಬೂಟು ಹಾಕಿ ಬಂದೂಕು ಹಿಡಿದರು. ಆಮೇಲೆ ಅದೇ ಇಂಗ್ಲಿಷರು 'ಯುದ್ಧವೀರ ಜಾತಿ' ಅನ್ನುವ ಸಿದ್ಧಾಂತ ಕಟ್ಟಿ ನಮ್ಮವರಿಗೆ ಬಾಗಿಲು ಕಿರಿದು ಮಾಡಿದರು. ಮನುಧರ್ಮ ಕಲಿಯಲು ದೊರೆಗಳಿಗೆ ತಡವೇನೂ ಆಗಲಿಲ್ಲ.

ಸಾಯಂಕಾಲ ಪರೇಡ್ ಬಯಲಲ್ಲಿ ಗೋರಾ ಸೋಲ್ಜರರು ಚೆಂಡು ಒದೆಯುತ್ತಿದ್ದರು. ಚೆಂಡು ಗೆರೆ ದಾಟಿ ಬಂದಾಗ ಎತ್ತಿ ಕೊಡಲು ನಿಂತ ಹುಡುಗರು ಯಾರು? ಬಟ್ಲರನ ಮಗ, ಕುದುರೆ ಕಾಯುವವನ ಮಗ, ಕಸಾಯಿಯ ಮಗ. ಕೈಯಲ್ಲಿ ಎತ್ತಿ ಕೊಡುವ ಬದಲು ಒಂದು ದಿನ ಕಾಲಲ್ಲಿ ಒದ್ದು ಕೊಟ್ಟಿರಬೇಕು. ಇಂಥಾ ದಿನ ಅಂತ ಯಾವ ದಫ್ತರದಲ್ಲೂ ಬರೆದಿರಲಾರರು. ಕ್ರಿಕೆಟ್ಟಿಗೆ ಬ್ಯಾಟು ಬೇಕು, ಪ್ಯಾಡು ಬೇಕು, ಐದು ದಿನ ಬಿಡುವು ಬೇಕು. ಇದಕ್ಕೆ ಇಪ್ಪತ್ತೆರಡು ಜನಕ್ಕೆ ಒಂದೇ ಚೆಂಡು ಸಾಕು, ಕೆಲಸ ಮುಗಿದು ಕತ್ತಲಾಗುವುದರೊಳಗೆ ಒಂದು ಗಂಟೆ ಸಾಕು. ಬಡವರು ಇದನ್ನೇ ಯಾಕೆ ಹಿಡಿದರು ಅನ್ನುವುದಕ್ಕೆ ಬೇರೆ ಸಂಶೋಧನೆ ಬೇಡ.

ದೇಶದ ಕತೆಯನ್ನೂ ಒಂದಿಷ್ಟು ಹೇಳಬೇಕು. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್ ಶುರುವಾದವು. ಎರಡೂ ಪಲ್ಟನ್ನುಗಳಿಗಾಗಿಯೇ ಹುಟ್ಟಿದ ಕಪ್ಪುಗಳು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಐ.ಎಫ್.ಎ. ಶೀಲ್ಡ್ ಫೈನಲಿನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಎರಡು–ಒಂದರಲ್ಲಿ ಸೋಲಿಸಿತು. ಆ ಹನ್ನೊಂದು ಜನರಲ್ಲಿ ಒಬ್ಬನ ಕಾಲಿಗೆ ಮಾತ್ರ ಬೂಟು. ಇದು ಎಲ್ಲರಿಗೂ ಗೊತ್ತು, ಸಿನಿಮಾ ಕೂಡ ಆಗಿದೆ. ನಮ್ಮ ಬೆಂಗಳೂರಿನದು ಯಾರಿಗೂ ಗೊತ್ತಿಲ್ಲ.

1937. ರೋವರ್ಸ್ ಕಪ್ ಶುರುವಾಗಿ ನಲವತ್ತಾರು ವರ್ಷ. ಅಲ್ಲಿಯವರೆಗೆ ಒಂದು ಸಲವೂ ಬಿಳಿಯರ ಪಲ್ಟನ್ ಬಿಟ್ಟು ಬೇರೆಯವರ ಕೈಗೆ ಅದು ಹೋಗಿರಲಿಲ್ಲ. ಆ ವರ್ಷ ಅದನ್ನು ಎತ್ತಿಕೊಂಡು ಬಂದವರು ಕಂಟೋನ್ಮೆಂಟಿನ ಬೀದಿಗಳಿಂದ ಹೋದ ಬ್ಯಾಂಗಲೂರ್ ಮುಸ್ಲಿಮ್ಸ್ ಕ್ಲಬ್ಬಿನವರು. ಫೈನಲಿನಲ್ಲಿ ಎದುರಿಗಿದ್ದದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಕಲ್ಕತ್ತಾ ಲೀಗನ್ನು ವರ್ಷವರ್ಷ ಬಿಡದೆ ಗೆಲ್ಲುತ್ತಿದ್ದ ಟೀಮು ಅದು. ಅದಕ್ಕೂ ನಮ್ಮೂರಿಂದ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದರು ಅನ್ನುವುದು ತಮಾಷೆ. ಒಂದು–ಸೊನ್ನೆ. ಮರುವರ್ಷ 1938ರಲ್ಲಿ ಒಂದು ಬ್ರಿಟಿಷ್ ರೆಜಿಮೆಂಟನ್ನೇ ಸೋಲಿಸಿ ಮತ್ತೆ ಗೆದ್ದರು. 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮೂರನೆಯ ಸಲ. ಒಂದು ಬಡ ಮೊಹಲ್ಲಾದ ಕ್ಲಬ್ಬು, ಹಿಂದೆ ಮಹಾರಾಜನಿಲ್ಲ, ಮಿಲ್ಲಿನ ಮಾಲೀಕನಿಲ್ಲ. ನಮ್ಮ ಯಾವ ಪಠ್ಯಪುಸ್ತಕದಲ್ಲಿ ಇದು ಇದೆ? ಮುಸಲ್ಮಾನರ ಕತೆ ಅಂತ ಬಿಟ್ಟರೋ, ಬಡವರ ಕತೆ ಅಂತ ಬಿಟ್ಟರೋ, ದಂಡಿನ ಕತೆ ಅಂತ ಬಿಟ್ಟರೋ! ಮೂರೂ ಕಾರಣ ಸೇರಿರಬಹುದು.

ಅದೇ 1937ರಲ್ಲಿ ಬೊಂಬಾಯಿಯಲ್ಲಿ ಇನ್ನೊಂದು ಪಂದ್ಯ ನಡೆಯಿತು. ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ಕಾಂಗ್ರೆಸ್ಸು ನಿಲ್ಲಿಸಿದ್ದು ಪಾಲ್ವಂಕರ್ ಬಾಲೂ ಅವರನ್ನು. ಚಮ್ಮಾರರ ಮಗ, 1911ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕೆಟ್ಟುಗಳನ್ನು ಉರುಳಿಸಿ ಬಂದ ಬೌಲರು. ಪುಣೆಯಲ್ಲಿ ಆಡುವಾಗ ಮೈದಾನದೊಳಗೆ ಅವರು ಮುಟ್ಟಿದ ಚೆಂಡನ್ನು ಮೇಲ್ಜಾತಿಯವರು ಮುಟ್ಟುತ್ತಿದ್ದರು. ಟೀ ಹೊತ್ತಿಗೆ ಪೆವಿಲಿಯನ್ನಿನ ಹೊರಗೆ ಕೂರಿಸಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಬಾಬಾಸಾಹೇಬರು ಯೌವನದಲ್ಲಿ ಬಾಲೂ ಅವರನ್ನು ಮೆಚ್ಚಿದ್ದವರು. ಇಬ್ಬರೂ ಎದುರಾಗುವ ಹಾಗೆ ಮಾಡಿದ ರಾಜಕೀಯ ಎಂಥದ್ದು ಅಂತ ಯೋಚಿಸಿ. ಬಾಲೂ ಸೋತರು. ನಮಗೆ ಬಾಬಾಸಾಹೇಬರು ಗೆದ್ದದ್ದಕ್ಕೆ ಖುಷಿ, ಬಾಲೂ ಅವರನ್ನು ನೆನೆದರೆ ಸಂಕಟ. ಎರಡೂ ನಿಜ.

ಈಗ ಬರಿಗಾಲಿನ ಮಾತು.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ವರ್ಷ ತುಂಬಿಲ್ಲ. ಇಲ್ಫರ್ಡಿನ ಬಯಲಲ್ಲಿ ಫ್ರಾನ್ಸಿನ ಎದುರು ಇಂಡಿಯಾ ಆಡಿತು. ನಾಯಕ ನಾಗಾ ಬೆಟ್ಟದ ಡಾಕ್ಟರಿ ವಿದ್ಯಾರ್ಥಿ ತಾಲಿಮೆರೆನ್ ಆವ್. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲು. ಎರಡು ಪೆನಾಲ್ಟಿ ಕೈ ತಪ್ಪಿದವು, ಎರಡು–ಒಂದರಲ್ಲಿ ಸೋತೆವು. ಆ ಒಂದು ಗೋಲು ಹೊಡೆದದ್ದು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ನಮ್ಮ ಕಡೆಯವರ ಕಾಲಿನದು. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಧನರಾಜ್ ಇದ್ದರು, ವಜ್ರವೇಲು ಇದ್ದರು. ಇಂಗ್ಲೆಂಡಿನ ಜನ ಬರಿಗಾಲನ್ನು ನೋಡಿ ಬೆರಗಾದರು, ಕೊಂಡಾಡಿದರು ಅಂತ ಓದುತ್ತೇವೆ. ಓದುವಾಗ ನಮಗೆ ನಮ್ಮ ಅಜ್ಜನ ಕಾಲು ನೆನಪಿಗೆ ಬರುತ್ತದೆ.

ನಮ್ಮಜ್ಜ ಚರ್ಮ ಹದ ಮಾಡುತ್ತಿದ್ದ. ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ಚಕ್ಕೆಯ ರಸದಲ್ಲಿ ಮತ್ತೆ ನೆನೆಹಾಕಿ, ತುಳಿದು, ಒಣಗಿಸಿ ಗೌಡರ ಬಾವಿಯ ಕಪಿಲೆಗೆ ಚೀಲ, ಎತ್ತಿಗೆ ಮಿಣಿ, ಗೌಡರ ಕಾಲಿಗೆ ಮೆಟ್ಟು ಹೊಲಿಯುತ್ತಿದ್ದ. ಆ ಮೆಟ್ಟನ್ನು ಮುಗಿಸಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹೋಗಿ ಜಗಲಿಯ ಕೆಳಗೆ ಇಟ್ಟು ಬರುತ್ತಿದ್ದ. ಊರೊಳಗೆ ಅವನು ಮೆಟ್ಟು ಮೆಟ್ಟುವ ಹಾಗಿರಲಿಲ್ಲ. ಊರ ಬಾಗಿಲು ಬಂದರೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಮೆಟ್ಟು ಹೊಲಿದ ತಪ್ಪಿಗೆ ಬರಿಗಾಲು! ಒಲಿಂಪಿಕ್ಸಿನ ಬರಿಗಾಲು ಕಲೆ, ಅಭ್ಯಾಸ, ಚೆಂಡು ಬೆರಳಿಗೆ ಅಂಟುತ್ತೆ ಅನ್ನುವ ನಂಬಿಕೆ. ನಮ್ಮಜ್ಜನ ಬರಿಗಾಲು ಕಟ್ಟಳೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತಷ್ಟೇ ನಮ್ಮ ಕೋರಿಕೆ. ರಾಮನ್, ಧನರಾಜ್ ಇವರೆಲ್ಲ ಯಾವ ಜಾತಿ ಅಂತ ಕೆದಕಲು ನಾವು ಹೋಗುವುದಿಲ್ಲ. ಅದು ನಮ್ಮನ್ನು ನೋಡಿ ಬೋರ್ಡು ಬರೆದವನ ಕೆಲಸ.

1950ರ ವಿಶ್ವಕಪ್ಪಿಗೆ ಬ್ರೆಜಿಲಿಗೆ ಇಂಡಿಯಾ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ಅದು ಕಟ್ಟುಕತೆ, ನೆಪ ಅಂತ ಆಗಿನ ಆಟಗಾರ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದುಂಟು. ಮೇಲೆ ಕೂತವರಿಗೆ ವಿಶ್ವಕಪ್ಪಿನ ಬೆಲೆ ಗೊತ್ತಿರಲಿಲ್ಲ, ಒಲಿಂಪಿಕ್ಸೇ ದೊಡ್ಡದು ಅಂದುಕೊಂಡಿದ್ದರು. ತಪ್ಪು ಕುರ್ಚಿಯದು, ಅಪವಾದ ಬರಿಗಾಲಿಗೆ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ಹತ್ತು–ಒಂದರಲ್ಲಿ ಬಡಿಯಿತು. ಆ ಒಂದು ಅಹಮದ್ ಖಾನರದು. ಅದಾದ ಮೇಲೆ ಬೂಟು ಕಡ್ಡಾಯವಾಯಿತು. ಆಗಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ನಿಯಮ ಬಂದಷ್ಟು ಸುಲಭವಾಗಿ ಬೂಟು ಕೇರಿಗೆ ಬರಲಿಲ್ಲ. ಒಂದು ಜೊತೆ ಬೂಟನ್ನು ಇಬ್ಬರು ಅಣ್ಣತಮ್ಮಂದಿರು ಬೇರೆಬೇರೆ ಮ್ಯಾಚಿಗೆ ಹಾಕಿಕೊಳ್ಳುವುದನ್ನು ನಾವೇ ಕಂಡಿದ್ದೇವೆ. ದೊಡ್ಡವನ ಕಾಲಿಗೆ ಬಿಗಿ, ಚಿಕ್ಕವನು ಬೆರಳ ಹತ್ತಿರ ಬಟ್ಟೆ ತುರುಕಿಕೊಳ್ಳಬೇಕು.

ಚೆಂಡಿನ ಕತೆಯೂ ಬೇರೆಯಲ್ಲ. ಹಳೇ ಫುಟ್‌ಬಾಲು ಅಂದರೆ ಚರ್ಮದ ತುಂಡುಗಳನ್ನು ಸೂಜಿಯಲ್ಲಿ ಹೊಲಿದು ಒಳಗೆ ಬ್ಲಾಡರ್ ಇಟ್ಟದ್ದು. ದೇಶ ಒಡೆಯುವ ಮುಂಚೆ ಇದು ಸಿಯಾಲ್‌ಕೋಟಿನಲ್ಲಿ ಆಗುತ್ತಿತ್ತು. 1947ರ ವಿಭಜನೆಯಲ್ಲಿ ಅಲ್ಲಿನ ಎಷ್ಟೋ ಕಸುಬುದಾರರು ಈಚೆ ಬಂದು ಜಲಂಧರಿನಲ್ಲಿ ನೆಲೆಸಿದರು. ಅಲ್ಲಿನ ಕೇರಿಗಳಲ್ಲಿ ದಲಿತ ಗಂಡಸರು ಹೆಂಗಸರು ಮಕ್ಕಳು ಮನೆಯಲ್ಲೇ ಕೂತು, ತುಂಡಿಗೆ ಇಷ್ಟು ಅಂತ ಕೂಲಿಗೆ ಹೊಲಿದ ಚೆಂಡುಗಳು ಜಗತ್ತಿಗೆಲ್ಲ ಹೋದವು. ಚೆಂಡು ಹೊಲಿಯುವುದರಲ್ಲಿ ಮಕ್ಕಳ ದುಡಿಮೆ ಇದೆ ಅಂತ 1990ರ ದಶಕದಲ್ಲಿ ಜಗತ್ತಿನಲ್ಲಿ ಗದ್ದಲವೆದ್ದಿತು. ಸತ್ತ ದನದ ಚರ್ಮ ಮುಟ್ಟಿದವನು ಮೈಲಿಗೆ; ಅದೇ ಚರ್ಮಕ್ಕೆ ಗಾಳಿ ತುಂಬಿ ಹಾರಿಸಿದರೆ ಹಣೆಯಿಂದ ಹೊಡೆಯಲು ಎಲ್ಲರೂ ನೆಗೆಯುತ್ತಾರೆ.

ಒಂದು ಭಾನುವಾರ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸು ಹತ್ತಿ, ಶಿವಾಜಿನಗರದಲ್ಲಿ ಇಳಿದು, ನಡೆದುಕೊಂಡು ಹಲಸೂರಿನ ಗೌತಮಪುರಕ್ಕೆ ಹೋದೆವು. ಇಕ್ಕಟ್ಟಾದ ಬೀದಿಗಳು, ಒಂದರ ಮೇಲೊಂದು ಕೂತ ಮನೆಗಳು, ನಲ್ಲಿಯ ಮುಂದೆ ಬಣ್ಣಬಣ್ಣದ ಕೊಡಗಳ ಸಾಲು. ನಮ್ಮ ಕೇರಿಗೇ ಬಂದ ಹಾಗಾಯಿತು, ಮಾತು ಮಾತ್ರ ತಮಿಳು. ಅಲ್ಲಿ ಒಂದು ಕಡೆ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ. ಅವರ ಸಾಲಿನಲ್ಲೇ ಕಾಲಲ್ಲಿ ಚೆಂಡು ಇಟ್ಟುಕೊಂಡ ಪೆಲೆ! ನಾವು ಬಾಯಿ ಬಿಟ್ಟುಕೊಂಡು ನಿಂತೆವು. 'ಎಲ್ಲಿಂದ ತಂಬಿ?' ಅಂತ ಒಬ್ಬರು ಹಿರಿಯರು ಕೇಳಿದರು. ಬಿಳೇಕಹಳ್ಳಿ ಅಂದಿದ್ದಕ್ಕೆ 'ಅಲ್ಲಿ ಗ್ರೌಂಡ್ ಇದ್ಯಾ?' ಅಂದರು. ಊರು ಯಾವುದು, ಯಾವ ಪೈಕಿ ಅಂತ ಕೇಳುವವರನ್ನು ಕಂಡಿದ್ದೇವೆ. ಗ್ರೌಂಡ್ ಇದೆಯಾ ಅಂತ ಕೇಳಿದವರು ಇವರೇ ಮೊದಲು.

ಗೌತಮಪುರಕ್ಕೆ ಹಿಂದೆ ಗನ್ ಟ್ರೂಪ್ ಅನ್ನುತ್ತಿದ್ದರು, ದಂಡಿನ ಫಿರಂಗಿ ಪಡೆಯ ನೆನಪಿಗೆ. ಫಿರಂಗಿಯ ಹೆಸರು ಹೋಗಿ ಗೌತಮನ ಹೆಸರು ಬಂತು. ಈ ಭಾಗದ ತಮಿಳು ದಲಿತರಿಗೂ ಬುದ್ಧನಿಗೂ ನಂಟು ಹಳೆಯದು. ಮದರಾಸಿನಲ್ಲಿ ಪಂಡಿತ ಅಯೋತ್ತಿದಾಸರು 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ನಾವು ಹಿಂದೂಗಳಲ್ಲ, ಮೂಲದಲ್ಲಿ ಬೌದ್ಧರು ಅಂತ ಸಾರಿದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ ಐವತ್ತೆಂಟು ವರ್ಷ ಮುಂಚಿನ ಮಾತು. ಆ ಸಂಘದ ಶಾಖೆಗಳು ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲೂ ನಮ್ಮ ಬೆಂಗಳೂರಿನಲ್ಲೂ ಇದ್ದವು. ಗಣಿಯೊಳಗೆ ಇಳಿದ ಕೂಲಿಯೂ ದಂಡಿನಲ್ಲಿ ದುಡಿದ ಕೂಲಿಯೂ ಒಂದೇ ಬಳಗ. ಎರಡು ಕಡೆಯೂ ಫುಟ್‌ಬಾಲು ಉಂಟು.

ಸರಿ, ಪೆಲೆ ಯಾಕೆ? ಒಬ್ಬ ಹುಡುಗ ನಗುತ್ತಾ, 'ನಮ್ ಕಲರ್ ಅಲ್ವಾ ಅಣ್ಣ' ಅಂದ. ನಮಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಾಗಿರಲಿಲ್ಲ. ಆದರೂ ಓದಿದ್ದನ್ನು ಹೇಳುತ್ತೇವೆ. ಬ್ರೆಜಿಲಿನಲ್ಲಿ ಕರಿಯರ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ರದ್ದಾದ ಮೇಲೂ ಫುಟ್‌ಬಾಲ್ ಕ್ಲಬ್ಬುಗಳು ಬಿಳಿ ಶ್ರೀಮಂತರವು. 1923ರಲ್ಲಿ ರಿಯೋ ನಗರದ ವಾಸ್ಕೋ ಡ ಗಾಮ ಕ್ಲಬ್ಬು ಕರಿಯರು, ಮಿಶ್ರವರ್ಣದವರು, ಕೂಲಿಗಳು ಇವರನ್ನೆಲ್ಲ ಕಟ್ಟಿಕೊಂಡು ಚಾಂಪಿಯನ್ ಆಯಿತು. ದೊಡ್ಡ ಕ್ಲಬ್ಬುಗಳಿಗೆ ತಡೆಯಲಾಗಲಿಲ್ಲ. 1924ರಲ್ಲಿ ಬೇರೆಯೇ ಲೀಗು ಕಟ್ಟಿಕೊಂಡು, ನಿನ್ನ ಹನ್ನೆರಡು ಜನ ಆಟಗಾರರನ್ನು ತೆಗೆದರೆ ಒಳಗೆ ಬಾ ಅಂದವು. ತೆಗೆಯುವುದಿಲ್ಲ ಅಂತ ವಾಸ್ಕೋ ಕಾಗದ ಬರೆದು ಹೊರಗೇ ನಿಂತಿತು. ಇದನ್ನು ಓದಿದಾಗ ನಮಗೆ ಕೆರೆ ನೀರಿನ ಮಹಾಡ್ ನೆನಪಾಯಿತು. ಮೂರು ವರ್ಷದ ಅಂತರ ಅಷ್ಟೇ.

ಪೆಲೆ ಹುಟ್ಟಿದ್ದು 1940ರಲ್ಲಿ. ಬವುರು ಅನ್ನುವ ಊರಲ್ಲಿ ಕಾಲುಚೀಲಕ್ಕೆ ಹಳೇ ಪೇಪರು ತುರುಕಿ ಚೆಂಡು ಮಾಡಿಕೊಂಡು ಆಡಿದ. ಅವರ ಬೀದಿ ಟೀಮನ್ನು ಬೂಟಿಲ್ಲದವರು ಅಂತಲೇ ಕರೆಯುತ್ತಿದ್ದರು. ಕಾಸಿಗಾಗಿ ಅವನು ಮಾಡಿದ ಕೆಲಸ ಏನು ಗೊತ್ತೇ? ಬೇರೆಯವರ ಬೂಟು ಪಾಲಿಶ್! ನಮ್ಮಜ್ಜನ ಕಸುಬಿನ ಪಕ್ಕದ ಕಸುಬು. 2022ರ ಡಿಸೆಂಬರ್ 29ರಂದು ಅವನು ತೀರಿಕೊಂಡಾಗ ಗೌತಮಪುರದಲ್ಲಿ ಮನೆಯವರೇ ಹೋದ ಹಾಗೆ ಹೂವಿಟ್ಟು ಅತ್ತರು. ವಿಶ್ವಕಪ್ಪು ಬಂದರೆ ಬೀದಿಯೆಲ್ಲ ಹಳದಿ ಹಸಿರು. ಪೇಪರಿನವರು ಬಂದು ಫೋಟೋ ಹಿಡಿದು 'ಮಿನಿ ಬ್ರೆಜಿಲ್' ಅಂತ ಬರೆಯುತ್ತಾರೆ. ವಿಶ್ವಕಪ್ಪು ಮುಗಿದ ಮೇಲೆ ನಲ್ಲಿ ನೀರಿನ ಸುದ್ದಿಗೆ ಅವರು ಬರುವುದಿಲ್ಲ.

ಇಲ್ಲೊಂದು ಮಾತನ್ನು ನಮ್ಮ ಗೆಳೆಯರಲ್ಲೇ ಕೆಲವರಿಗೆ ಹೇಳಬೇಕು. ಈ ಲೇಖನದ ಕರಡು ಓದಿದ ಒಬ್ಬರು, 'ಇವರೆಲ್ಲ ತಮಿಳರಲ್ಲವೇ, ಕನ್ನಡದ ಚರಿತ್ರೆಯಲ್ಲಿ ಯಾಕೆ?' ಅಂದರು. 1991ರಲ್ಲಿ ಕಾವೇರಿ ಹೆಸರಲ್ಲಿ ಬೆಂಗಳೂರು ಉರಿದಾಗ ಏಟು ತಿಂದವರಲ್ಲಿ ಹೆಚ್ಚಿನವರು ಗುಡಿಸಲಿನ ಕೂಲಿಗಳೇ. ಕಾವೇರಿಯ ಒಂದು ಗದ್ದೆಯೂ ಅವರ ಹೆಸರಲ್ಲಿರಲಿಲ್ಲ, ನಮ್ಮ ಹೆಸರಲ್ಲೂ ಇರಲಿಲ್ಲ. ಮೈಸೂರು ಅಂತ ಎದೆ ಮೇಲೆ ಬರೆದುಕೊಂಡು ಆಡಿದವರು ಅವರು. ಸಂತೋಷ್ ಟ್ರೋಫಿಯಲ್ಲಿ ಬಲಾಢ್ಯ ಬಂಗಾಳವನ್ನು 1946ರಲ್ಲಿ ಸೋಲಿಸಿದ್ದು ಮೈಸೂರು. 1952ರಲ್ಲಿ ಮತ್ತೆ ಬಂಗಾಳವನ್ನೇ, ಇದೇ ಬೆಂಗಳೂರಲ್ಲಿ. 1967–68ರಲ್ಲಿ, 1968–69ರಲ್ಲಿ ಬೆನ್ನುಬೆನ್ನಿಗೆ ಎರಡು ಸಲ, ಎರಡು ಸಲವೂ ಬಂಗಾಳವೇ. ಆ ಗೆಲುವಿನ ಕಾಲುಗಳು ಮನೆಯಲ್ಲಿ ತಮಿಳೋ ಉರ್ದುವೋ ತೆಲುಗೋ ಮಾತಾಡಿದರೆ ಗೆಲುವು ನಮ್ಮದಾಗುವುದಿಲ್ಲವೇ? 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಇಂಡಿಯಾ ನಾಲ್ಕನೇ ಸ್ಥಾನಕ್ಕೆ ಬಂದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದಲ್ಲಿ ಏಷ್ಯಾದ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ನಮಗೇನೂ ಕಷ್ಟವಿಲ್ಲ.

ಆಟದಿಂದ ಹೊಟ್ಟೆ ತುಂಬಿತೇ? ಒಂದು ಕಾಲದಲ್ಲಿ ತುಂಬಿತು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1954ರಲ್ಲಿ ಬಿ.ಇ.ಎಲ್. ಬೆಂಗಳೂರಿಗೆ ಬಂದವು. ಕಾರ್ಖಾನೆಗಳು ಟೀಮು ಕಟ್ಟಿದವು. ಚೆನ್ನಾಗಿ ಆಡುವವನಿಗೆ ಹೆಲ್ಪರ್ ಕೆಲಸವೋ ಫಿಟ್ಟರ್ ಕೆಲಸವೋ ಸಿಗುತ್ತಿತ್ತು. ಎಸ್ಸೆಸ್ಸೆಲ್ಸಿ ಫೇಲಾದವನಿಗೂ ಪರ್ಮನೆಂಟು, ಕ್ವಾರ್ಟರ್ಸು, ಆಸ್ಪತ್ರೆ, ಮಕ್ಕಳಿಗೆ ಶಾಲೆ. ಮೀಸಲಾತಿಯ ಜೊತೆಗೆ ನಮ್ಮಂಥ ಕೇರಿಗಳಿಗೆ ಇದ್ದ ಇನ್ನೊಂದು ಏಣಿ ಅದು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆಯಿತು. ಕೇರಳದಲ್ಲಿ ಫೈನಲ್. ಒಂದು ಕಡೆ ಮೋಹನ್ ಬಾಗಾನ್, ಇನ್ನೊಂದು ಕಡೆ ದೂರವಾಣಿನಗರದಲ್ಲಿ ಟೆಲಿಫೋನ್ ಮಾಡುವ ಐ.ಟಿ.ಐ. ಕಾರ್ಮಿಕರು. ಕಾರ್ಮಿಕರು ಒಂದು–ಸೊನ್ನೆಯಲ್ಲಿ ಗೆದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಲ್ಕತ್ತೆಗೆ ಪೆಲೆಯ ಕಾಸ್ಮಾಸ್ ಟೀಮು ಬಂದಾಗ ಮೋಹನ್ ಬಾಗಾನ್ ಎರಡು–ಎರಡು ಸಮ ಮಾಡಿಕೊಂಡಿತು. ಪೆಲೆ ಸೋಲಿಸಲಾಗದ ಟೀಮನ್ನು ನಮ್ಮ ಫೋನ್ ಫ್ಯಾಕ್ಟರಿಯವರು ಸೋಲಿಸಿದರು ಅಂತ ಲೆಕ್ಕ ಹಾಕಿ ನಾವು ನಕ್ಕದ್ದುಂಟು. ಲೆಕ್ಕ ತಪ್ಪು, ನಗು ಸುಳ್ಳಲ್ಲ.

1991ರ ಹೊಸ ಆರ್ಥಿಕ ನೀತಿಯ ನಂತರ ಈ ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಮುರಿದವು. ಸಾರ್ವಜನಿಕ ಕಾರ್ಖಾನೆಗಳು ಸೊರಗಿದವು, ಕಾಯಂ ಕೆಲಸ ಹೋಗಿ ಕಂಟ್ರಾಕ್ಟು ಬಂತು. ಕಂಟ್ರಾಕ್ಟರನಿಗೆ ಗೋಲ್‌ಕೀಪರನ ಅಗತ್ಯವೇನು? ಎಚ್.ಎ.ಎಲ್. ಟೀಮು 2010–11, 2011–12ರಲ್ಲಿ 'ಐ ಲೀಗ್'ವರೆಗೂ ಹೋಗಿ ಇಳಿಯಿತು. 2013ರಲ್ಲಿ ದೊಡ್ಡ ಉಕ್ಕಿನ ಕಂಪನಿಯ ಬಂಡವಾಳದಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿತು, ಮೊದಲ ವರ್ಷವೇ ಲೀಗು ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಫೈನಲಿಗೂ ಹೋಯಿತು. ಅವರ ಆಟ ನೋಡಿ ನಾವೂ ಕಂಠೀರವದಲ್ಲಿ ಕೂಗಿದ್ದೇವೆ, ಸುಳ್ಳು ಹೇಳುವುದಿಲ್ಲ. ಆದರೆ ಕೂಗಿ ಹೊರಗೆ ಬಂದಮೇಲೆ ಬಸ್ಸಿನಲ್ಲಿ ನಮ್ಮಲ್ಲೊಬ್ಬ ಕೇಳಿದ: 'ಲೋ, ಆ ಹನ್ನೊಂದು ಜನದಲ್ಲಿ ನಮ್ಮ ಕೇರಿ ಕಡೆಯವನು ಬರಬೇಕು ಅಂದ್ರೆ ಯಾವ್ ಬಾಗಿಲಲ್ಲಿ ಹೋಗ್ಬೇಕ್ಲಾ?' ಯಾರೂ ಉತ್ತರ ಹೇಳಲಿಲ್ಲ.

ಬಾಗಿಲು ಇದೆ. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಲೀಗಿನಲ್ಲಿ ಸೂಪರ್, ಎ, ಬಿ, ಸಿ ಅಂತ ಡಿವಿಷನ್ನುಗಳುಂಟು. ಕೆಳಗಿನ ಡಿವಿಷನ್ನಿನಿಂದ ಗೆದ್ದು ಗೆದ್ದು ಮೇಲೆ ಹತ್ತಬಹುದು. ವರ್ಣವ್ಯವಸ್ಥೆಗಿಂತ ಒಳ್ಳೆಯ ನಾಲ್ಕು ಮೆಟ್ಟಿಲು, ಇಲ್ಲಿ ಗೆದ್ದವನು ಮೇಲೆ ಹೋಗುತ್ತಾನೆ, ಸೋತವನು ಕೆಳಗೆ ಬರುತ್ತಾನೆ. ಆದರೆ ಆ ಕೊನೆಯ ಮೆಟ್ಟಿಲಿಗೂ ಹೊರಗೆ, ನಮ್ಮ ಹಾಗೆ ಲೆಕ್ಕಕ್ಕೆ ಸಿಗದ ಟೀಮುಗಳು ಊರ ತುಂಬ ಇವೆ. ಒಳಗೆ ಹೋಗಲು ಸಂಘ ಕಟ್ಟಬೇಕು, ಪದಾಧಿಕಾರಿಗಳು ಬೇಕು, ವಿಳಾಸ ಬೇಕು, ಜರ್ಸಿ ಬೂಟು ಬೇಕು, ಅಭ್ಯಾಸಕ್ಕೆ ಬಯಲು ಬೇಕು.

ಬಯಲು ಅಂದಾಗ ನಮ್ಮ ಚಿಕ್ಕಪ್ಪಂದಿರು ನಗುತ್ತಾರೆ. ಅವರು ಹುಡುಗರಾಗಿದ್ದಾಗ ಬಿಳೇಕಹಳ್ಳಿ ಹಳ್ಳಿಯೇ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಬಯಲು. ಕೂಳೆ ಕಾಲಿಗೆ ಚುಚ್ಚುತ್ತಿತ್ತು, ಆದರೂ ಆಡುತ್ತಿದ್ದೆವು ಅನ್ನುತ್ತಾರೆ. ಜಯನಗರ 1948ರಲ್ಲಿ ಶುರುವಾಗಿ ದಕ್ಷಿಣಕ್ಕೆ ಬೆಳೆಯುತ್ತಾ ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಊರಿನ ಹೆಸರಿನ ಮೊದಲಕ್ಷರ ಸೇರಿಸಿ ಬಿ.ಟಿ.ಎಂ. ಅಂದರು. ಊರು ಹೋಗಿ ಅಕ್ಷರ ಉಳಿಯಿತು. 1983ರಲ್ಲಿ ನಮ್ಮ ಬಿಳೇಕಹಳ್ಳಿಗೇ ದೇಶದ ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆ ಬಂತು. ದೋಶಿಯವರು ಕಟ್ಟಿಸಿದ ಕಲ್ಲಿನ ಕಟ್ಟಡ, ಒಳಗೆ ನೂರು ಎಕರೆ ಹಸಿರು. ಚೆಂದವಾಗಿದೆ, ಹೊರದೇಶದವರೂ ನೋಡಲು ಬರುತ್ತಾರೆ. ಊರಿನ ಹೆಸರು ಈಗ ಅದರ ವಿಳಾಸದಲ್ಲಿ ಕೂತು ಲೋಕವೆಲ್ಲ ಓಡಾಡುತ್ತದೆ. ಗೌಡರ ಹೊಲ ಸೈಟಾಗಿ ಮಾರಿಹೋದಾಗ ಗೌಡರಿಗೆ ದುಡ್ಡು ಬಂತು. ಕೂಲಿ ಮಾಡುತ್ತಿದ್ದವರಿಗೆ ಹೊಲವೂ ಹೋಯಿತು, ಬಯಲೂ ಹೋಯಿತು. ಹೊಲ ಹೋದದ್ದರ ಬಗ್ಗೆ ಹೋರಾಟಗಳಾದವು, ಹಾಡುಗಳೂ ಬಂದವು. ಬಯಲು ಹೋದದ್ದನ್ನು ಯಾರೂ ನಷ್ಟದ ಲೆಕ್ಕಕ್ಕೆ ಹಾಕಲಿಲ್ಲ, ನಾವೂ ಹಾಕಿರಲಿಲ್ಲ.

ಎರಡು ಸಾವುಗಳನ್ನು ಹೇಳದೆ ಮುಗಿಸಲಾರೆವು. ಪೂಂಗಂ ಕಣ್ಣನ್, ಬೆಂಗಳೂರಿನಲ್ಲಿ ಬೆಳೆದ ಹುಡುಗ, ಕಲ್ಕತ್ತೆಯ ಎರಡು ದೊಡ್ಡ ಕ್ಲಬ್ಬುಗಳಿಗೆ ಆಡಿದವರು. ಜರ್ಮನಿಯ ಕೋಚ್ ಡೆಟ್‌ಮಾರ್ ಕ್ರಾಮರ್ ಅವರನ್ನು ಏಷ್ಯಾದ ಪೆಲೆ ಅಂದಿದ್ದರು. 2019ರ ಏಪ್ರಿಲಿನಲ್ಲಿ ಕಲ್ಕತ್ತೆಯಲ್ಲೇ ಕಷ್ಟದಲ್ಲಿ ತೀರಿಕೊಂಡರು. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್ಮನ್, ಇಂಡಿಯಾದ ನಾಯಕನಾಗಿದ್ದವರು, 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಮೂರು ಗೋಲು ಹೊಡೆದವರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೋದರು. ವಯಸ್ಸು ಐವತ್ತೂ ಆಗಿರಲಿಲ್ಲ. ಆ ವಾರ ಐ.ಪಿ.ಎಲ್. ನಡೆಯುತ್ತಿತ್ತು.

2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು ಮೂರು–ಎರಡರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಐವತ್ತನಾಲ್ಕು ವರ್ಷದ ಮೇಲೆ. ಆವತ್ತು ರಾತ್ರಿ ನಮ್ಮ ಕೇರಿಯಲ್ಲಿ ಒಂದೇ ಒಂದು ಮೊಬೈಲಿನ ಸುತ್ತ ಕೂತು ನೋಡಿದೆವು. ಚಿಕ್ಕ ಹುಡುಗರು ಹತ್ತು ಹನ್ನೆರಡು ಜನ ಮಧ್ಯೆ ತಲೆ ತೂರಿಸಿಕೊಂಡು ಕೂತಿದ್ದರು. ಮಾರನೆಯ ದಿನದಿಂದ ಅವರದೇ ಒಂದು ಟೀಮು. ಚಪ್ಪಲಿಯ ಗೋಲುಕಂಬ ಮತ್ತೆ ಬಂತು. ಬಯಲಿಲ್ಲದ್ದಕ್ಕೆ ಮೆಟ್ರೋ ಕಂಬಗಳ ಕೆಲಸಕ್ಕೆ ಅಂತ ಮುಚ್ಚಿದ್ದ ಒಂದು ಅಡ್ಡರಸ್ತೆಯಲ್ಲೇ ಆಟ.

ಮೊನ್ನೆ ಅವರನ್ನು ಕೂರಿಸಿಕೊಂಡು ಸಂಘದ ನೋಂದಣಿಗೆ ಅರ್ಜಿ ಬರೆದೆವು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲಾ ಸುಲಭವಾಗಿ ತುಂಬಿತು. ಖಜಾಂಚಿ ಆಗಲು ಜಗಳವೇ ನಡೆಯಿತು. 'ಸಂಘದ ಹೆಸರು' ಅನ್ನುವಲ್ಲಿ ನಿಂತೆವು. ಒಬ್ಬ ಪೆಲೆ ಅಂದ, ಒಬ್ಬ ಭೀಮ್ ಅಂದ, ಒಬ್ಬ ಬರಿಗಾಲು ಅಂದ, ಅದಕ್ಕೆ ಎಲ್ಲರೂ ಬೈದರು. ಕೊನೆಗೆ ಹನ್ನೊಂದು ವರ್ಷದ ಒಬ್ಬ, 'ಸುಮ್ನೆ ಬಿಳೇಕಹಳ್ಳಿ ಅಂತ ಬರೀರಣ್ಣ, ಊರ್ ನಮ್ದೂ ಅಲ್ವಾ' ಅಂದ. ಹಾಗೇ ಬರೆದೆವು.